ಹಲೋ ಅಕ್ಕ ಮತ್ತು ತೋಟಗಾರಣ್ಣನ ಎದೆಬಡಿತ

ನರ್ಸಿಂಗ್ ಕಾಲೇಜಿನ ಎರಡನೇ ಮಹಡಿಯಲ್ಲಿ, ಹಿಂದೆ ಹಾಸಿಗೆ ಹೊದಿಕೆಗಳನ್ನು ಪೇರಿಸಿಡುತ್ತಿದ್ದ ಕೋಣೆಯಲ್ಲಿ, ಹಲೋ ಅಕ್ಕ ಕೆಲಸ ಮಾಡುತ್ತಿದ್ದರು. ಒಂದು ಮೇಜು, ಎರಡು ಕಂಪ್ಯೂಟರ್ ಪರದೆ, ಒಂದು ಕ್ಯಾಮೆರಾ, ಮೂಲೆಯಲ್ಲಿ ಗುರುಗುಟ್ಟುವ ಏರ್ ಕೂಲರ್, ನಾಲ್ಕೂ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಳೆಯ ಕಂಬಳಿಗಳು. ಮಾತು ಬರಿಗೋಡೆಗೆ ಬಡಿದು ಮಾರ್ದನಿ ಎಬ್ಬಿಸಬಾರದೆಂದು ಅಕ್ಕನೇ ಮಾಡಿಕೊಂಡ ಏರ್ಪಾಡು ಅದು. ಹೊಸದಾಗಿ ಬಂದವರು ಸುತ್ತ ನೋಡಿ, ಇಲ್ಲಿ ಯಾರಿಗೆ ಇಷ್ಟೊಂದು ಚಳಿ ಎಂದು ಕೇಳುತ್ತಿದ್ದರು. ಗೋಡೆಗೆ, ಎಂದು ಅಕ್ಕ ತಲೆಯೆತ್ತದೆ ಉತ್ತರ ಕೊಡುತ್ತಿದ್ದರು.

ಪ್ರತಿ ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಆ ಕೋಣೆಯಿಂದ ನಲವತ್ತು ಸಣ್ಣ ಆಸ್ಪತ್ರೆಗಳಿಗೆ ಪಾಠ ನೇರಪ್ರಸಾರವಾಗುತ್ತಿತ್ತು. ಪಾಠ ಹೇಳುವವರು ಹೃದಯದ ಡಾಕ್ಟರು. ಕೇಳುವವರು ದೂರದೂರದ ನರ್ಸುಗಳು. ಹತ್ತಿರದಲ್ಲಿ ಡಾಕ್ಟರೇ ಇಲ್ಲದ ಕಡೆ, ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಈ ಹೃದಯದಲ್ಲಿ ದೋಷ ಉಂಟೋ ಇಲ್ಲವೋ ಎಂದು ಗುರುತಿಸುವುದನ್ನು ಅವರಿಗೆ ಕಲಿಸುವ ತರಗತಿ ಅದು.

ಅಕ್ಕನಿಗೆ ಆಗ ಐವತ್ತೆಂಟು ವರ್ಷ. ಅದರಲ್ಲಿ ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಳೆದಿದ್ದರು. ಹಲೋ ಅಕ್ಕ ಎಂಬ ಹೆಸರು ಅಂಟಿಕೊಂಡಿದ್ದು ಅಲ್ಲೇ. ಎಕ್ಸ್‌ಚೇಂಜು ಮುಚ್ಚಿದ ಮೇಲೆ ಜೊತೆಯವರೆಲ್ಲ ಮನೆ ಸೇರಿದರು. ಅಕ್ಕ ಮಾತ್ರ ಕಾಲೇಜಿನ ಫೋನ್ ಬೋರ್ಡಿಗೆ ಬಂದು ಕೂತರು. ಆಮೇಲೆ ಕಾಲೇಜಿಗೆ ನೇರಪ್ರಸಾರದ ಸಾಫ್ಟ್‌ವೇರ್ ಬಂತು. ಅದನ್ನು ನೋಡಿಕೊಳ್ಳುವವರು ಯಾರು ಎಂದು ಪ್ರಾಂಶುಪಾಲರು ಸಭೆಯಲ್ಲಿ ಕೇಳಿದಾಗ ಕಂಪ್ಯೂಟರ್ ಗೊತ್ತಿದ್ದವರೆಲ್ಲ ಕಿಟಕಿಯ ಕಡೆ ನೋಡಿದರು. ಅಕ್ಕ ಕೈಯೆತ್ತಿದರು. ಮೌಸ್ ಹಿಡಿಯಲೂ ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಇಂಗ್ಲಿಷಿನ ಸೂಚನೆಗಳನ್ನು ಓದಿ, ಪ್ರತಿಯೊಂದು ಗುಂಡಿಯೂ ಏನು ಮಾಡುತ್ತದೆಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಎರಡನೇ ನೋಟ್‌ಬುಕ್ ಮುಗಿಯುವ ಹೊತ್ತಿಗೆ, ಆಗ ಕಿಟಕಿ ನೋಡಿದವರೇ ತಮ್ಮ ಲ್ಯಾಪ್‌ಟಾಪ್ ಹಿಡಿದುಕೊಂಡು ಮೇಲಕ್ಕೆ ಹತ್ತಿ ಬರುತ್ತಿದ್ದರು.

ಎಕ್ಸ್‌ಚೇಂಜಿನಿಂದ ಅವರು ತಂದ ಒಂದು ರೂಢಿ ಇತ್ತು. ಲೈನು ಸರಿಯಿದೆಯೇ ಎಂದು ನೋಡುವಾಗ ಆ ಕಡೆಯವರನ್ನು ‘ಕೇಳ್ತಿದೆಯಾ?’ ಎಂದು ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಅರ್ಧ ಜನ ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾರೆ. ‘ಏನ್ ಕೇಳ್ತು, ಹೇಳಿ’ ಎನ್ನುತ್ತಿದ್ದರು. ಹೇಳಿದ್ದು ತಾವು ಕಳಿಸಿದ್ದಕ್ಕೆ ತಾಳೆಯಾದರೆ ಮಾತ್ರ ಲೈನು ಪಾಸು.

ಪಾಠಕ್ಕೆ ಬೇಕಾದ ಎದೆಯನ್ನು ಒದಗಿಸುತ್ತಿದ್ದವರು ಕಾಲೇಜಿನ ತೋಟಗಾರಣ್ಣ. ಅವರ ಹೃದಯದ ಒಂದು ಕವಾಟ ಚಿಕ್ಕಂದಿನಿಂದಲೂ ಪೂರ್ತಿ ಮುಚ್ಚುತ್ತಿರಲಿಲ್ಲ. ಒಂದೊಂದು ಬಡಿತಕ್ಕೂ ಸ್ವಲ್ಪ ರಕ್ತ ಹಿಂದಕ್ಕೆ ಸೋರಿ, ಲಬ್ ಮತ್ತು ಡಬ್ ಎಂಬ ಎರಡು ಸದ್ದುಗಳ ನಡುವೆ ‘ಸ್ಸ್’ ಎಂದು ಗಾಳಿ ಹೋದ ಹಾಗೆ ಕೇಳುತ್ತಿತ್ತು. ಅದರಿಂದ ಅವರಿಗೇನೂ ತೊಂದರೆಯಿರಲಿಲ್ಲ; ಡಾಕ್ಟರಿಗಂತೂ ಅದು ಪಾಠದ ಗಣಿ. ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಕೂತು, ನಲವತ್ತು ಆಸ್ಪತ್ರೆಗೆ ನಾನು ಕೆಟ್ಟ ಎದೆಯ ಮೇಷ್ಟ್ರು ಎಂದು ತೋಟಗಾರಣ್ಣ ಬೀಗುತ್ತಿದ್ದರು.

ಡಾಕ್ಟರು ಕಂಪ್ಯೂಟರಿಗೆ ಜೋಡಿಸುವಂಥ ಸ್ಟೆತಾಸ್ಕೋಪನ್ನು ಆ ಎದೆಗೆ ಒತ್ತಿದಾಗ, ಹೋಗುತ್ತಿರುವ ಸದ್ದು ಅವರಿಗೂ ಕೇಳಬೇಕು, ಪರದೆ ನೋಡುತ್ತ ಕೂತ ಅಕ್ಕನಿಗೂ ಕೇಳಬೇಕು. ಸಾಫ್ಟ್‌ವೇರ್ ತಾನಾಗಿ ಒಬ್ಬರ ಕಿವಿಗೆ ಮಾತ್ರ ಅದನ್ನು ಕೊಡುತ್ತಿತ್ತು. ಅಕ್ಕ ವಾರಗಟ್ಟಲೆ ಹುಡುಕಿ ಒಂದು ಪ್ಲಗಿನ್ ತಂದು ಸೇರಿಸಿದರು. ಸಾಫ್ಟ್‌ವೇರಿಗೆ ಹೊರಗಿನಿಂದ ಜೋಡಿಸುವ ಸಣ್ಣ ಉಪಕರಣ ಅದು. ಅದರಿಂದ ಡಾಕ್ಟರ ಇಯರ್‌ಫೋನಿಗೂ ಅಕ್ಕನ ಹೆಡ್‌ಫೋನಿಗೂ ಒಟ್ಟಿಗೇ ಸದ್ದು ಸಿಕ್ಕಿತು. ಡಾಕ್ಟರು ಮೆಚ್ಚಿ ತಲೆದೂಗಿದರು. ಅವರು ತಲೆದೂಗುವುದು ಅಪರೂಪ.

ಅದರ ಹಿಂದೆಯೇ ಇನ್ನೊಂದು ದೂರು ಬಂತು. ಕೂಲರಿನ ಗುರುಗುಟ್ಟುವಿಕೆ ಪಾಠದ ತುಂಬ ಕೇಳುತ್ತಿದೆಯಂತೆ. ಅಕ್ಕ ಗದ್ದಲ ಅಳಿಸುವ ಒಂದು ಫಿಲ್ಟರನ್ನು ಡಾಕ್ಟರ ಮೈಕಿಗೂ ಸ್ಟೆತಾಸ್ಕೋಪಿನ ಲೈನಿಗೂ ಹಾಕಿದರು. ಆಮೇಲೆ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ತುಟಿಯ ಹತ್ತಿರ ಹಿಡಿದು, ‘ಹಲೋ, ಹಲೋ, ನಾಲ್ಕು, ಏಳು, ಒಂಬತ್ತು’ ಎಂದರು. ಏನ್ ಕೇಳ್ತು, ಹೇಳಿ ಎಂದು ಐದು ಆಸ್ಪತ್ರೆಗಳಿಗೆ ಫೋನು ಮಾಡಿದರು. ಐದೂ ಕಡೆಯವರು ನಾಲ್ಕು, ಏಳು, ಒಂಬತ್ತು ಎಂದೇ ಹೇಳಿದರು. ಕೂಲರ್ ಸದ್ದಿನ ಸುಳಿವೂ ಇಲ್ಲ ಎಂದರು. ಅಕ್ಕ ವರದಿಯ ಹಾಳೆಯಲ್ಲಿ ‘ಧ್ವನಿ ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿದರು.

ಆ ಗುರುವಾರದಿಂದಲೇ ಪರೀಕ್ಷೆಗಳು ಶುರುವಾದವು. ನಾಲ್ಕು ವಾರ, ವಾರಕ್ಕೊಂದು. ಸದ್ದು ಕೇಳಿ, ದೋಷವಿದೆಯೋ ಇಲ್ಲವೋ, ಇದ್ದರೆ ಎಂಥದ್ದು ಎಂದು ಬರೆದು ಕಳಿಸಬೇಕು. ಮೊದಲ ವಾರ ತೋಟಗಾರಣ್ಣನ ಎದೆ ಕೇಳಿ ಮೂವತ್ತೊಂದು ನರ್ಸುಗಳು ದೋಷವಿಲ್ಲ ಎಂದು ಬರೆದರು. ಒಂಬತ್ತು ಮಂದಿ ಮಾತ್ರ ದೋಷವಿದೆ ಎಂದರು. ಎರಡನೇ ವಾರ ಬೇರೊಬ್ಬ ರೋಗಿ ಬಂದರು, ಮೂರನೇ ವಾರ ಮತ್ತೊಬ್ಬರು. ಫಲಿತಾಂಶ ಹೆಚ್ಚುಕಡಿಮೆ ಅದೇ. ಡಾಕ್ಟರ ಮುಖ ವಾರದಿಂದ ವಾರಕ್ಕೆ ಬಿಗಿಯುತ್ತ ಬಂತು. ಸದ್ದು ಸರಿಯಾಗಿ ಹೋಗುತ್ತಿದೆಯೇ ಎಂದು ಅವರು ಪ್ರತಿ ಸಲ ಅಕ್ಕನನ್ನು ಕೇಳಿದರು. ಅಕ್ಕನ ಹೆಡ್‌ಫೋನಿನಲ್ಲಿ ಆ ‘ಸ್ಸ್’ ಸ್ಫಟಿಕದ ಹಾಗೆ ಕೇಳುತ್ತಿತ್ತು. ಡಾಕ್ಟರ ಇಯರ್‌ಫೋನಿನಲ್ಲೂ ಹಾಗೆಯೇ. ಪ್ರತಿ ವಾರವೂ ಅಕ್ಕ ಸಹಿ ಹಾಕಿದರು. ಪ್ರತಿ ವಾರವೂ ಡಾಕ್ಟರು ಪ್ರಸಾರದಲ್ಲೇ ನರ್ಸುಗಳನ್ನು ತರಾಟೆಗೆ ತೆಗೆದುಕೊಂಡರು.

ಮೂರನೇ ಪರೀಕ್ಷೆಯ ಮರುದಿನ ಕೋರ್ಸಿನ ಸಮಿತಿಯಿಂದ ಪತ್ರ ಬಂತು. ನಾಲ್ಕನೆಯದೂ ಹೀಗೇ ಆದರೆ ಸಣ್ಣ ಆಸ್ಪತ್ರೆಗಳ ನರ್ಸುಗಳಿಗೆ ಎದೆ ಕೇಳುವ ತರಗತಿಯನ್ನೇ ನಿಲ್ಲಿಸುವುದು. ಈಗಾಗಲೇ ಮೂರರಲ್ಲೂ ಸೊನ್ನೆ ಪಡೆದವರನ್ನು ಕೂಡಲೇ ಕೈಬಿಡುವುದು. ಹಾಗೆ ಮೂರು ಸೊನ್ನೆ ಪಡೆದವರಲ್ಲಿ ಗುಡ್ಡದ ಮೇಲಿನ ಆಸ್ಪತ್ರೆಯ ಸಿಸ್ಟರ್ ಕೂಡ ಒಬ್ಬರು. ಇಪ್ಪತ್ತೆರಡು ವರ್ಷದಿಂದ ಅದೇ ಆಸ್ಪತ್ರೆಯಲ್ಲಿದ್ದವರು. ಅವರಿದ್ದ ಕಡೆಯಿಂದ ದೊಡ್ಡ ಆಸ್ಪತ್ರೆಗೆ ಐದು ಗಂಟೆಯ ದಾರಿ.

ಶನಿವಾರ ಅವರೇ ಅಕ್ಕನಿಗೆ ಫೋನು ಮಾಡಿದರು. ಜಗಳಕ್ಕೆ ಬಂದಿರಬೇಕೆಂದು ಅಕ್ಕ ಮನಸ್ಸು ಗಟ್ಟಿ ಮಾಡಿಕೊಂಡರು. ಸಿಸ್ಟರ್ ಧ್ವನಿ ಮಾತ್ರ ತಣ್ಣಗಿತ್ತು.

“ಅಕ್ಕಾ, ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ನನ್ನ ಕಿವಿ ಹೋಗಿದೆ ಅಂದ್ಕೊಂಡು ಬಸ್ಸು ಹತ್ತಿ ಹೋಗಿ ಟೆಸ್ಟ್ ಮಾಡಿಸ್ಕೊಂಡು ಬಂದೆ. ಕಿವಿ ಚೆನ್ನಾಗಿದೆಯಂತೆ. ನಮ್ಮ ವಾರ್ಡಲ್ಲಿ ಒಂದು ಮಗು ಇದೆ, ಅದರ ಎದೇಲಿ ಆ ಸೋರೋ ಸದ್ದು ಸ್ಪಷ್ಟ ಕೇಳುತ್ತೆ ನಂಗೆ. ನಿಮ್ಮ ಪಾಠದಲ್ಲಿ ಮಾತ್ರ ಕೇಳಲ್ಲ. ಯಾಕಿರಬಹುದು?”

ಊಹೆ ಮಾಡಿಯಾದರೂ ದೋಷವಿದೆ ಎಂದು ಬರೆಯಬಹುದಿತ್ತಲ್ಲ ಎಂದು ಅಕ್ಕ ಮೆಲ್ಲಗೆ ಕೇಳಿದರು. ಒಂಬತ್ತು ಜನ ಹಾಗೇ ಬರೆದಿದ್ದು, ಪರೀಕ್ಷೆಗೆ ಆರೋಗ್ಯವಂತರನ್ನು ಯಾರು ಕರೆತರುತ್ತಾರೆ ಎಂಬ ಲೆಕ್ಕದಲ್ಲಿ, ಎಂದು ಸಿಸ್ಟರ್ ಹೇಳಿದರು. ಆಮೇಲೆ, “ಕೇಳದೇ ಇರೋದನ್ನ ಕೇಳ್ತು ಅಂತ ಹೇಗೆ ಬರೀಲಿ ಅಕ್ಕ? ನಾಳೆ ರೋಗಿ ಮುಂದೇನೂ ಅದೇ ಅಭ್ಯಾಸ ಆಗಿಬಿಡುತ್ತೆ,” ಎಂದರು.

ಫೋನಿಟ್ಟ ಮೇಲೆ ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೂರು ಹಾಳೆಗಳ ಮೇಲಿನ ತಮ್ಮ ಸಹಿ ಕಣ್ಣಿಗೆ ಕಟ್ಟಿತು. ಪಾಠವನ್ನು ಮತ್ತೆ ಹಾಕಿ ಕೇಳೋಣವೆಂದರೆ ರೆಕಾರ್ಡಿಂಗ್ ಇರಲಿಲ್ಲ. ರೋಗಿಯ ಮೈಯ ಸದ್ದನ್ನು ಉಳಿಸಿಕೊಳ್ಳುವಂತಿಲ್ಲ ಎಂಬುದು ಕಾಲೇಜಿನ ನಿಯಮ. ಸೋಮವಾರ ಬೆಳಗ್ಗೆಯೇ ಅವರು ತಂತಿಗಳನ್ನೆಲ್ಲ ಬಿಚ್ಚಿ ಹಾಕಿದರು. ಸ್ಟೆತಾಸ್ಕೋಪಿನ ತಂತಿ ಬದಲಾಯಿಸಿದರು. ಹೋದ ತಿಂಗಳು ಸಾಫ್ಟ್‌ವೇರ್ ಹೊಸದಾಗಿತ್ತು. ಪ್ಲಗಿನ್ ಅದಕ್ಕೆ ಹೊಂದುತ್ತಿಲ್ಲವೇನೋ ಎಂದು ಅದನ್ನೂ ತೆಗೆದು ಹೊಸದು ಹಾಕಿದರು. ಹೆಡ್‌ಫೋನಿನಲ್ಲಿ ಸದ್ದು ಮೊದಲು ಎಷ್ಟು ಚೆನ್ನಾಗಿತ್ತೋ ಈಗಲೂ ಅಷ್ಟೇ ಚೆನ್ನಾಗಿತ್ತು. ಚೆನ್ನಾಗಿ ಕೇಳುತ್ತಿರುವ ಸದ್ದಿನಲ್ಲಿ ತಪ್ಪು ಹುಡುಕುವುದು ಹೇಗೆ?

ಮಂಗಳವಾರ ಮಧ್ಯಾಹ್ನ ಅವರು ತೋಟಗಾರಣ್ಣನನ್ನು ಮೇಲಕ್ಕೆ ಕರೆಸಿ ಸ್ಟೂಲಿನ ಮೇಲೆ ಕೂರಿಸಿದರು. ಮನೆಗೆ ಫೋನು ಮಾಡಿ ಯಜಮಾನರಿಗೆ, ಕಂಪ್ಯೂಟರ್ ಹಾಕಿ ನಾನು ಕಳಿಸಿದ ಲಿಂಕ್ ತೆರೆಯಿರಿ, ಇಯರ್‌ಫೋನ್ ಹಾಕಿಕೊಳ್ಳಿ, ಫೋನನ್ನು ಪಕ್ಕದಲ್ಲಿಟ್ಟುಕೊಳ್ಳಿ ಎಂದು ಹೇಳಿದರು. ಯಜಮಾನರು ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಗಡಿಯಾರವನ್ನು ಬಿಚ್ಚುವ ಮೊದಲು ಕಿವಿಗೆ ಹಿಡಿದು ಅರ್ಧ ರೋಗ ಹೇಳಿಬಿಡುತ್ತಿದ್ದರು.

ಅಕ್ಕ ಬಿಲ್ಲೆಯನ್ನು ತುಟಿಯ ಬಳಿ ತಂದರು. ಹಲೋ ಎನ್ನಲು ಬಾಯಿ ತೆರೆದವರು, ಅದೇಕೋ ಸುಮ್ಮನಾಗಿ, ಬಿಲ್ಲೆಯನ್ನು ನೇರವಾಗಿ ತೋಟಗಾರಣ್ಣನ ಎದೆಗೇ ಒತ್ತಿದರು. ‘ಸ್ಸ್’ ಎಂಬುದು ಅವರ ಹೆಡ್‌ಫೋನಿನಲ್ಲಿ ಎಂದಿನಂತೆ ಕೇಳುತ್ತಿತ್ತು.

“ಏನ್ ಕೇಳ್ತು, ಹೇಳಿ,” ಎಂದರು ಫೋನಿಗೆ.

“ತಡಿ ಮಾರಾಯ್ತಿ, ಬರಬೇಕಲ್ಲ,” ಎಂದರು ಯಜಮಾನರು. ಪ್ರಸಾರ ತಲುಪಲು ಆರು ಸೆಕೆಂಡು ಬೇಕಿತ್ತು.

“ಟಕ್ ಅನ್ನೋದು ಕೇಳ್ತಿದೆ. ಅದೂ ಮೊಂಡಾಗಿ. ಮಧ್ಯೆ ಏನೂ ಇಲ್ಲ.”

“ಏನೂ ಅಂದ್ರೆ?”

“ಏನೂ ಅಂದ್ರೆ ಏನೂ. ಅದೇ ವಿಚಿತ್ರ ಕಣೆ. ನಿಂತು ಹೋದ ಗಡಿಯಾರದಲ್ಲೂ ಏನೋ ಒಂದು ಸರಬರ ಇರುತ್ತೆ. ಇಷ್ಟು ಮೌನ ಯಾವ ಯಂತ್ರದಲ್ಲೂ ಇರಲ್ಲ, ಯಾವ ಮನುಷ್ಯನ ಒಳಗೂ ಇರಲ್ಲ. ಯಾರೋ ಒರೆಸಿದ ಹಾಗಿದೆ.”

ಒರೆಸುವುದಕ್ಕೆಂದೇ ಅಕ್ಕ ತಂದು ಹಾಕಿದ್ದು ಒಂದೇ ಒಂದು. ಪರದೆಯ ಮೇಲೆ ಸ್ಟೆತಾಸ್ಕೋಪಿನ ಲೈನು ತೆರೆದರು. ಸದ್ದು ಅಲ್ಲಿ ಮೆಟ್ಟಿಲಿಳಿದ ಹಾಗೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಹಂತ ದಾಟಿ ಹೊರಗೆ ಹೋಗುತ್ತದೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೇಳಿಸುವ ಪ್ಲಗಿನ್ ಕೂತಿತ್ತು. ಅದರ ಕೆಳಗೆ ಗದ್ದಲ ಅಳಿಸುವ ಫಿಲ್ಟರ್. ತಾವೂ ಡಾಕ್ಟರೂ ಮೂರು ವಾರ ಮೇಲಿನ ಮೆಟ್ಟಿಲಲ್ಲಿ ನಿಂತು ಸದ್ದನ್ನು ಕೇಳಿ ಖುಷಿಪಟ್ಟಿದ್ದರು. ಕೆಳಗಿನ ಮೆಟ್ಟಿಲಲ್ಲಿ ಏನಾಗುತ್ತಿತ್ತೆಂದು ಅಲ್ಲಿಂದ ಗೊತ್ತಾಗುವಂತಿರಲಿಲ್ಲ.

ಆದರೂ ಊಹೆಯ ಮೇಲೆ ತೀರ್ಮಾನ ಬೇಡವೆಂದು ಅವರು ಒಂದೊಂದನ್ನೇ ಆರಿಸಿ ನೋಡಿದರು. ಪ್ಲಗಿನ್ ಆರಿಸಿದಾಗ ಅಕ್ಕನಿಗೆ ಏನೂ ಕೇಳದಾಯಿತು; ಮನೆಯಲ್ಲಿ ಯಜಮಾನರಿಗೆ ಯಾವ ವ್ಯತ್ಯಾಸವೂ ಆಗಲಿಲ್ಲ. ಅದನ್ನು ಮತ್ತೆ ಹಾಕಿ, ಫಿಲ್ಟರ್ ಆರಿಸಿದರು. ಆರು ಸೆಕೆಂಡಾಯಿತು.

“ಬಂತು,” ಎಂದರು ಯಜಮಾನರು. “ನಿಮ್ಮ ಕೂಲರ್ ಬಂತು, ಹಾಳಾದ್ದು. ಅದರೊಳಗೆ ಟಕ್ಕಿಗೂ ಟಕ್ಕಿಗೂ ನಡುವೆ ಸೈಕಲ್ ಟ್ಯೂಬಿಂದ ಗಾಳಿ ಸೋರೋ ಹಾಗೆ ಒಂದು. ಯಾರದು ಎದೆ?”

“ತೋಟಗಾರಣ್ಣಂದು.”

“ಪಂಕ್ಚರ್ ಆಗಿದೆ ಅಂತ ಹೇಳು.”

ಅಕ್ಕ ನಗಲಿಲ್ಲ. ಫಿಲ್ಟರನ್ನು ಮತ್ತೆ ಹಾಕಿ, ಪ್ಲಗಿನ್ನನ್ನು ಎಳೆದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ ತಂದರು. ಈಗ ಹೊರಗೆ ಹೋಗುವುದೇ ಅವರ ಕಿವಿಗೂ ಬರಬೇಕು. ಬಂದದ್ದು ಮೊಂಡು ಟಕ್, ಆಮೇಲೆ ಮೌನ, ಮತ್ತೆ ಟಕ್. ಮೂರು ವಾರ ನಲವತ್ತು ಜನ ಕೇಳಿದ್ದು ಇದನ್ನು. ಅಕ್ಕ ಕಣ್ಣು ಮುಚ್ಚಿ ಪೂರಾ ಎರಡು ನಿಮಿಷ ಅದನ್ನೇ ಕೇಳುತ್ತ ಕೂತರು.

ಆ ಫಿಲ್ಟರಿಗೆ ಗೊತ್ತಿದ್ದದ್ದು ಮನುಷ್ಯರ ಮಾತೊಂದೇ. ಮಾತನ್ನು ಉಳಿಸಿ ಬಾಕಿಯದನ್ನೆಲ್ಲ ಗದ್ದಲವೆಂದು ಗುಡಿಸಿ ಹಾಕುವುದು ಅದರ ಕೆಲಸ. ಇಪ್ಪತ್ತಾರು ವರ್ಷ ಮಾತನ್ನೇ ಸಾಗಿಸಿದ ಅಕ್ಕ ಎದೆಯ ಲೈನನ್ನೂ ಮಾತಿನಿಂದಲೇ ಪರೀಕ್ಷಿಸಿದ್ದರು. ನಾಲ್ಕು, ಏಳು, ಒಂಬತ್ತು ಸಲೀಸಾಗಿ ಪಾರಾಗಿ ಹೋಗಿದ್ದವು. ಎದೆಯೊಳಗಿನ ಸೋರಿಕೆ ಬಾಗಿಲಲ್ಲೇ ಉಳಿದಿತ್ತು.

ವಿಷಯ ತಿಳಿದ ತೋಟಗಾರಣ್ಣ ಅಂಗಿ ಹಾಕಿಕೊಳ್ಳುತ್ತ ಸಮಾಧಾನ ಹೇಳಿದರು. ಈಗ ಸರಿಯಾಯಿತಲ್ಲ, ಗುರುವಾರ ಎಲ್ಲರೂ ಪಾಸಾಗುತ್ತಾರೆ, ಯಾರಾದರೂ ಕೇಳಿದರೆ ಇಲಿ ತಂತಿ ಕಡಿದಿತ್ತು ಎಂದು ಹೇಳಿಬಿಡಿ ಎಂದರು.

“ಇಲಿ ಸಹಿ ಹಾಕಿಲ್ಲ ಅಣ್ಣ. ನಾನು ಹಾಕಿದೀನಿ.”

ಸುಮ್ಮನಿದ್ದುಬಿಟ್ಟರೆ ತರಗತಿ ಉಳಿಯುತ್ತಿತ್ತು, ಅದು ಅಕ್ಕನಿಗೂ ಗೊತ್ತಿತ್ತು. ಮೂರು ಸೊನ್ನೆಯವರು ಮಾತ್ರ ಉಳಿಯುತ್ತಿರಲಿಲ್ಲ. ಗುಡ್ಡದ ಸಿಸ್ಟರ್, ಕೇಳಿದ್ದನ್ನು ಕೇಳಿದ ಹಾಗೇ ಬರೆದ ತಪ್ಪಿಗೆ, ಕಿವುಡಿ ಎನಿಸಿಕೊಂಡು ಹೊರಗೆ ಹೋಗುತ್ತಿದ್ದರು.

ಗುರುವಾರ ಪಾಠಕ್ಕೆ ಅರ್ಧ ಗಂಟೆ ಮುಂಚೆ ಅಕ್ಕ ಡಾಕ್ಟರಿಗೆ ಎಲ್ಲವನ್ನೂ ಹೇಳಿದರು. ಬೈಗುಳಕ್ಕೆ ಸಿದ್ಧರಾಗಿಯೇ ನಿಂತಿದ್ದರು. ಡಾಕ್ಟರು ಹೆಡ್‌ಫೋನ್ ಕೊಡಿ ಎಂದು ಕೈ ಚಾಚಿದರು. ಫಿಲ್ಟರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಕೇಳಿದರು. ಆಮೇಲೆ ಹೆಡ್‌ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

“ಇದನ್ನ ಕೇಳಿದ್ರೆ ನಾನೂ ದೋಷ ಇಲ್ಲ ಅಂತ್ಲೇ ಬರೀತಿದ್ದೆ,” ಎಂದರು. “ಮೂರು ವಾರ ಅವರನ್ನ ಏನೇನೋ ಅಂದುಬಿಟ್ಟೆ.”

ತಾಂತ್ರಿಕ ತೊಂದರೆ ಇತ್ತೆಂದು ತಾವು ಒಂದು ಮಾತು ಹೇಳಿಬಿಡುವುದಾಗಿ ಅವರು ಅಂದಾಗ, ಅಕ್ಕ ನಾನೇ ಹೇಳುವೆನೆಂದರು. ಪರದೆಯ ಹಿಂದೆಯೇ ಇದ್ದವರು ಮೊದಲ ಸಲ ಕ್ಯಾಮೆರಾದ ಮುಂದೆ ಬಂದು ಕೂತರು.

“ನಾನು ಇಲ್ಲಿ ಧ್ವನಿ ನೋಡ್ಕೊಳ್ಳೋಳು. ಮೂರು ವಾರದಿಂದ ನಿಮಗೆ ಎದೆಯ ಪೂರ್ತಿ ಸದ್ದು ಬಂದಿಲ್ಲ. ಲೈನು ಸರಿಯಿದೆ ಅಂತ ನಾನು ಬರೆದುಕೊಟ್ಟೆ, ಅದು ತಪ್ಪು. ನನ್ನ ಹೆಡ್‌ಫೋನ್ ನಂಬಿದೆ, ನಿಮ್ಮ ಕಿವಿ ನಂಬಲಿಲ್ಲ. ದೋಷ ಇಲ್ಲ ಅಂತ ಬರೆದವರು ಕೇಳಿದ್ದನ್ನೇ ಬರೆದಿದೀರಿ.”

ಎದ್ದು ಹೋಗಿ ಕೂಲರ್ ಆರಿಸಿದರು. ಎದೆಯ ಲೈನಿನಿಂದ ಫಿಲ್ಟರ್ ತೆಗೆದ ಮೇಲೆ ಬೇರೆ ದಾರಿಯಿರಲಿಲ್ಲ. ಕಂಬಳಿ ಹೊದ್ದ ಕೋಣೆ ಐದೇ ನಿಮಿಷಕ್ಕೆ ಒಲೆಯ ಹಾಗಾಯಿತು. ಡಾಕ್ಟರ ಕಾಲರು ಒದ್ದೆಯಾಯಿತು. ಇಲ್ಲಿ ಸರಿಯಾದ ಬಟ್ಟೆ ಹಾಕಿಕೊಂಡು ಬಂದವನು ನಾನೊಬ್ಬನೇ ಎಂದು ತೋಟಗಾರಣ್ಣ ಬರಿಮೈಯಲ್ಲಿ ಕೂತು ಪಿಸುಗುಟ್ಟಿದರು.

ಅಕ್ಕ ಗುಡ್ಡದ ಆಸ್ಪತ್ರೆಗೆ ಫೋನು ಹಚ್ಚಿ, ಕರೆಯನ್ನು ಪ್ರಸಾರಕ್ಕೆ ಸೇರಿಸಿದರು. ಡಾಕ್ಟರು ಬಿಲ್ಲೆಯನ್ನು ಎದೆಗೆ ಒತ್ತಿ, ಏನು ಕೇಳುತ್ತಿದೆ ಎಂದು ಸಿಸ್ಟರನ್ನು ಕೇಳಿದರು. ಆರು ಸೆಕೆಂಡು ಕಳೆಯಿತು. ಇನ್ನೂ ಆರು ಸೆಕೆಂಡು ಕಳೆಯಿತು. ಅಕ್ಕ ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದರು.

“ಸರ್, ಬಿಲ್ಲೇನ ಸ್ವಲ್ಪ ಎಡಗಂಕುಳ ಕಡೆ ಸರಿಸ್ತೀರಾ?” ಎಂದರು ಸಿಸ್ಟರ್.

ಡಾಕ್ಟರು ಹುಬ್ಬೇರಿಸಿದರು. ಒಂದು ಗಳಿಗೆ ತಡೆದು, ಹೇಳಿದ ಕಡೆಗೆ ಸರಿಸಿದರು.

“ಇನ್ನೂ ಸ್ವಲ್ಪ. ಹಾಂ, ಅಲ್ಲೇ ಇರಲಿ.” ಡಾಕ್ಟರು ಬಿಲ್ಲೆಯನ್ನು ಅಲ್ಲೇ ಒತ್ತಿ ಹಿಡಿದರು. “ಮೊದಲನೇ ಸದ್ದು ಸಣ್ಣದಾಗಿದೆ. ಅದರ ಹಿಂದೇನೇ ಊದಿದ ಹಾಗೆ ಶುರುವಾಗಿ ಎರಡನೇ ಸದ್ದಿನವರೆಗೂ ಒಂದೇ ಸಮ ಇದೆ. ಕಂಕುಳ ಕಡೆ ಹೋದ್ರೂ ಕೇಳುತ್ತೆ. ಎಡಗಡೆ ಕವಾಟ ಸೋರ್ತಿದೆ ಸರ್. ಹಳೇದಿರಬೇಕು, ಬಡಿತ ಏನೂ ಗಾಬರಿಯಲ್ಲಿಲ್ಲ.”

ಡಾಕ್ಟರು ಬಿಲ್ಲೆಯನ್ನು ತೆಗೆದರು. ಅವರು ಕಲಿಸಬೇಕಿದ್ದ ಮುಂದಿನ ಪಾಠವನ್ನೇ ಸಿಸ್ಟರ್ ಹೇಳಿ ಮುಗಿಸಿದ್ದರು. ಮೂರೂ ಪರೀಕ್ಷೆಗಳನ್ನು ರದ್ದು ಮಾಡಿ, ತರಗತಿ ಮುಂದುವರಿಯಲೇಬೇಕೆಂದು ಸಮಿತಿಗೆ ಇವತ್ತೇ ಬರೆಯುವುದಾಗಿ, ಯಾರನ್ನೂ ಕೈಬಿಡುವುದಿಲ್ಲವೆಂದು ಅವರು ಪ್ರಸಾರದಲ್ಲೇ ಹೇಳಿದರು. ನಲವತ್ತು ಜನರ ಕ್ಷಮೆಯನ್ನೂ ಕೇಳಿದರು.

“ಒಳ್ಳೇದು ಸರ್,” ಎಂದರು ಸಿಸ್ಟರ್. “ಆದ್ರೆ ಪಾಸಾಗಿದ್ದ ಆ ಒಂಬತ್ತು ಜನರ ಗತಿ?”

ಡಾಕ್ಟರು ಅಕ್ಕನ ಕಡೆ ತಿರುಗಿದರು. ಅಕ್ಕ ಹೆಡ್‌ಫೋನ್ ಸರಿಮಾಡಿಕೊಂಡು ಆಸ್ಪತ್ರೆಗಳ ಪಟ್ಟಿಯನ್ನು ಹತ್ತಿರ ಎಳೆದುಕೊಂಡರು.

“ಅವರಿಗೂ ಇವತ್ತೇ ಮೊದಲನೇ ಸಲ ಕೇಳ್ತಿರೋದು ಸರ್. ಒಬ್ಬೊಬ್ಬರನ್ನೇ ಕರೀತೀನಿ. ತೋಟಗಾರಣ್ಣ, ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೋತೀರಾ?”

ತೋಟಗಾರಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಡಾಕ್ಟರು ಬಿಲ್ಲೆಯನ್ನು ಮತ್ತೆ ಅವರ ಎದೆಗೆ ಇಟ್ಟರು. ಅಕ್ಕ ಒಂಬತ್ತರಲ್ಲಿ ಮೊದಲನೆಯ ನಂಬರು ಒತ್ತಿದರು.